ಕೆಚ್ಚಲು ನೋಡಿದ ಮೇಲೆ ಕೈಯನ್ನೂ ನೋಡಿ

ಕೇಳುಗರೇ,

ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಕೊಟ್ಟಿಗೆ ಕೆಲಸ ಮುಗಿಸಿ, ಕೈಕಾಲು ತೊಳೆದು ಕೂತಿರಬಹುದು. ಇನ್ನು ಕೆಲವರು ರೇಡಿಯೋವನ್ನು ಕೊಟ್ಟಿಗೆ ಗೋಡೆಯ ಗೂಡಿನಲ್ಲಿಟ್ಟು ಹಾಲು ಕರೆಯುತ್ತಿರಬಹುದು. ಇವತ್ತಿನ ಮಾತು ಇಬ್ಬರಿಗೂ ಸೇರಿದ್ದು.

ನಾನು ಪಶುವೈದ್ಯ. ಮೂವತ್ತು ವರ್ಷ ಮಲೆನಾಡಿನ ಹಳ್ಳಿಗಳಲ್ಲಿ ದನ, ಎಮ್ಮೆ, ಆಡು, ಕೋಳಿಗಳ ನಡುವೆ ಓಡಾಡಿ ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ಜನ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಔಷಧಿಯದ್ದಲ್ಲ. ಖರ್ಚಿನದ್ದೂ ಅಲ್ಲ. ಅದು ಇಷ್ಟೇ: "ಡಾಕ್ಟ್ರೇ, ಇದು ನಮ್ಗೂ ಅಂಟ್ತದಾ?"

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಗೆ ಹೋಗಿದ್ದೆ. ಎಮ್ಮೆಯ ಮೊಲೆತೊಟ್ಟಿನ ಸುತ್ತ ಗುಳ್ಳೆ ಎದ್ದಿದ್ದವು. ನೋಡಿದೆ, ಮುಲಾಮು ಕೊಟ್ಟೆ. ಮನೆಯ ಹೆಂಗಸು ಸ್ವಲ್ಪ ದೂರದಲ್ಲಿ ನಿಂತಿದ್ದರು. ಬಲಗೈಗೆ ಸೆರಗು ಸುತ್ತಿಕೊಂಡಿದ್ದರು. ಅವರು ಇದೇ ಪ್ರಶ್ನೆ ಕೇಳಿದರು. ನಾನು ಚೀಲ ಮುಚ್ಚುತ್ತಲೇ, "ಹಂಗೇನಿಲ್ಲ ಅಮ್ಮ, ದನದ ಕಾಯಿಲೆ ದನಕ್ಕೆ" ಅಂದೆ. ಬೈಕು ಹತ್ತಿ ಹೊರಟೆ.

ಆ ಉತ್ತರ ತಪ್ಪಾಗಿತ್ತು. ಹೇಗೆ ತಪ್ಪು ಅನ್ನುವುದನ್ನು ಸ್ವಲ್ಪ ಹೊತ್ತಿನಲ್ಲೇ ಹೇಳುತ್ತೇನೆ. ಅದಕ್ಕೆ ಮೊದಲು ಸರಿಯಾದ ಉತ್ತರ ಕೇಳಿ. ಪ್ರಾಣಿಗಳ ವೈರಸ್ ಮನುಷ್ಯರಿಗೆ ಬರುತ್ತದೆಯೇ? ಬರುತ್ತದೆ. ಎಲ್ಲವೂ ಬರುತ್ತವೆಯೇ? ಇಲ್ಲ. ಬರುವಂಥವು ಯಾರಿಗೆ ಮೊದಲು ಬರುತ್ತವೆ? ಪ್ರಾಣಿಗಳ ಜೊತೆ ದುಡಿಯುವವರಿಗೆ. ಹೇಗೆ ಬರುತ್ತವೆ? ಅವರು ಮಾಡುವ ಕೆಲಸದ ದಾರಿಯಲ್ಲೇ ಬರುತ್ತವೆ.

ವೈರಸ್ ಅನ್ನುವುದು ತನ್ನಷ್ಟಕ್ಕೆ ತಾನು ಬೆಳೆಯಲಾರದು. ಯಾವುದಾದರೂ ಜೀವಿಯ ಜೀವಕೋಶದೊಳಗೆ ಹೊಕ್ಕರೆ ಮಾತ್ರ ಅದು ಹೆಚ್ಚುತ್ತದೆ. ಜೀವಕೋಶ ಬೀಗ ಹಾಕಿದ ಮನೆ ಅಂದುಕೊಳ್ಳಿ. ವೈರಸ್ಸಿನ ಬಳಿ ಒಂದು ಕೀಲಿಕೈ ಇರುತ್ತದೆ. ದನದ ಬೀಗ ತೆಗೆಯುವ ಕೀಲಿಕೈ ಸಾಮಾನ್ಯವಾಗಿ ಮನುಷ್ಯನ ಬೀಗಕ್ಕೆ ಹೊಂದುವುದಿಲ್ಲ. ಹೀಗಾಗಿಯೇ ನಾವು ಸಾವಿರಾರು ವರ್ಷ ದನಗಳ ಜೊತೆ ಒಂದೇ ಸೂರಿನಡಿ ಬಾಳಿದ್ದೇವೆ. ಕೆಲವು ಕೀಲಿಕೈ ಮಾತ್ರ ಎರಡೂ ಬೀಗಕ್ಕೆ ಆಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. 2022ರಲ್ಲಿ ಚರ್ಮಗಂಟು ರೋಗ ಬಂದದ್ದು ನಿಮಗೆ ನೆನಪಿರಬಹುದು. ದನಗಳ ಮೈತುಂಬ ನಿಂಬೆಕಾಯಿ ಗಾತ್ರದ ಗಂಟು. ಆಗ ಎಷ್ಟೋ ಮನೆಗಳಲ್ಲಿ ಹಾಲು ಕುಡಿಯುವುದನ್ನೇ ಬಿಟ್ಟರು. ಅದು ವೈರಸ್ ರೋಗ ನಿಜ, ಆದರೆ ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿ ಜ್ವರವೂ ಅಷ್ಟೇ. ಜನರಿಗೆ ಅದು ಬಂದದ್ದು ತೀರಾ ಅಪರೂಪ, ಬಂದರೂ ಸೌಮ್ಯ. ಅದೇ ಎಮ್ಮೆಯ ಕೆಚ್ಚಲ ಮೇಲಿನ ನಾಲ್ಕು ಗುಳ್ಳೆ ನೋಡುವುದಕ್ಕೆ ಏನೂ ಅಲ್ಲ. ಆದರೆ ಅದು ಕೈಗೆ ಅಂಟುತ್ತದೆ. ಹಾಗಾಗಿ ರೋಗ ನೋಡಲು ಎಷ್ಟು ಭೀಕರ ಅನ್ನುವುದರಿಂದ ಅದು ನಮಗೆ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಬರುವ ದಾರಿ ಯಾವುದು ಅಂತ ತಿಳಿಯಬೇಕು.

ಇವತ್ತು ಅಂಥ ನಾಲ್ಕು ದಾರಿಗಳ ಬಗ್ಗೆ ಹೇಳುತ್ತೇನೆ. ಕೈ, ಜೊಲ್ಲು, ಉಸಿರು, ಉಣ್ಣೆ. ಬೆರಳು ಮಡಿಸಿ ನೆನಪಿಟ್ಟುಕೊಳ್ಳಿ.

ಮೊದಲನೆಯದು ಕೈ.

ಸೆರಗು ಸುತ್ತಿಕೊಂಡಿದ್ದ ಆ ಹೆಂಗಸಿನ ಮನೆಗೆ ವಾರದ ಮೇಲೆ ಮತ್ತೆ ಹೋಗಬೇಕಾಯಿತು. ಆ ಹೊತ್ತಿಗೆ ಇನ್ನೆರಡು ಎಮ್ಮೆಗೂ ಗುಳ್ಳೆ ಎದ್ದಿತ್ತು. ಈ ಸಲ ಅವರು ಕೇಳಲಿಲ್ಲ, ಸೆರಗು ಬಿಚ್ಚಿ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ಗುಳ್ಳೆ. ತೋರುಬೆರಳಿನ ಮಡಿಕೆಯಲ್ಲಿ ಎರಡು. ಕಡಲೆಕಾಳಿನಷ್ಟು ದಪ್ಪ. ಸುತ್ತ ಕೆಂಪು, ನಡುವೆ ಹೊಕ್ಕಳಿನಂತೆ ಒಂದು ತಗ್ಗು. ಕಂಕುಳಲ್ಲಿ ಗಡ್ಡೆ ಬಾತಿತ್ತು. ಎರಡು ರಾತ್ರಿ ಜ್ವರ ಬಂದಿತ್ತಂತೆ. ಹಾಲು ಕರೆಯುವಾಗ ಮೊಲೆತೊಟ್ಟು ಒತ್ತುವ ಜಾಗ ಯಾವುದೋ, ಗುಳ್ಳೆ ಎದ್ದ ಜಾಗವೂ ಅದೇ.

ಅದು ಎಮ್ಮೆ ಸಿಡುಬು. ನಮ್ಮ ದೇಶದಲ್ಲಿ ಬಹಳ ಕಾಲದಿಂದ ಇರುವ ರೋಗ. ಕರೆಯುವ ಕೈಯಲ್ಲಿ ಸಣ್ಣದೊಂದು ಗೀರು, ಬಿರುಕು ಇದ್ದರೂ ಸಾಕು, ಅಲ್ಲಿಂದ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಹೊಪ್ಪಳೆ ಕಟ್ಟಿ ಉದುರುತ್ತದೆ. ಜೀವಕ್ಕೆ ಅಪಾಯವಿಲ್ಲ. ಆದರೆ ಆ ಎರಡು ಮೂರು ವಾರ ಆ ಕೈಯಿಂದ ಮುದ್ದೆ ತಿರುವಲು ಆಗುವುದಿಲ್ಲ, ಬಟ್ಟೆ ಹಿಂಡಲು ಆಗುವುದಿಲ್ಲ. ಆದರೂ ಅವರು ಹಾಲು ಕರೆಯುವುದನ್ನು ನಿಲ್ಲಿಸಿರಲಿಲ್ಲ. ಉಳಿದ ಎಮ್ಮೆಗಳಿಗೆ ರೋಗ ಹೋದದ್ದು ಅದೇ ಕೈಯಿಂದ. ಎಮ್ಮೆಯಿಂದ ಕೈಗೆ, ಕೈಯಿಂದ ಮತ್ತೊಂದು ಎಮ್ಮೆಗೆ. ನಾನು ಮೊದಲ ದಿನವೇ ಸೆರಗು ಬಿಚ್ಚಿಸಿ ನೋಡಿದ್ದರೆ ಎರಡು ಎಮ್ಮೆಗೆ ರೋಗ ತಪ್ಪುತ್ತಿತ್ತು.

ಹಾಲು ಕರೆಯುವವರ ಕೈಯನ್ನು ನನಗಿಂತ ಚೆನ್ನಾಗಿ ನೋಡಿದ ಒಬ್ಬ ವೈದ್ಯ ಇದ್ದ. ಅದು 1796ನೇ ಇಸವಿ, ಮೇ ತಿಂಗಳು. ಇಂಗ್ಲೆಂಡಿನ ಬರ್ಕ್ಲಿ ಎಂಬ ಊರು. ವೈದ್ಯನ ಹೆಸರು ಎಡ್ವರ್ಡ್ ಜೆನ್ನರ್. ಆ ಕಾಲಕ್ಕೆ ಸಿಡುಬು ಊರೂರನ್ನೇ ಗುಡಿಸಿಹಾಕುತ್ತಿತ್ತು. ಆದರೆ ಹಾಲು ಕರೆಯುವ ಹೆಂಗಸರ ನಡುವೆ ಒಂದು ಮಾತಿತ್ತು. ಹಸುವಿನ ಸಿಡುಬು ಒಮ್ಮೆ ಕೈಗೆ ಬಂದರೆ, ಮನುಷ್ಯರ ಸಿಡುಬು ಹತ್ತಿರ ಸುಳಿಯುವುದಿಲ್ಲ ಅನ್ನುವ ಮಾತು. ಓದಿದವರು ಅದನ್ನು ಹಟ್ಟಿಯ ಮಾತೆಂದು ತಳ್ಳಿಹಾಕಬಹುದಿತ್ತು. ಜೆನ್ನರ್ ಕಿವಿಗೊಟ್ಟ. ಸಾರಾ ನೆಲ್ಮ್ಸ್ ಎಂಬಾಕೆಯ ಕೈಗುಳ್ಳೆಯಿಂದ ಕೀವು ತೆಗೆದು, ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಗೀರಿ ಹಾಕಿದ. ಆಮೇಲೆ ಆ ಹುಡುಗನಿಗೆ ಸಿಡುಬು ತಗಲಿಸಿ ನೋಡಿದರೂ ಅದು ಹತ್ತಲಿಲ್ಲ.

ಸಾರಾಗೆ ಗುಳ್ಳೆ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್. ಅದರ ತೊಗಲನ್ನು ಲಂಡನ್ನಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಇಂದಿಗೂ ಇಟ್ಟಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ವಾಕಾ ಅನ್ನುತ್ತಾರೆ. ವ್ಯಾಕ್ಸಿನ್ ಎಂಬ ಮಾತು ಹುಟ್ಟಿದ್ದು ಅದರಿಂದ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಲಸಿಕೆ ಹಾಕುವುದೂ ನಿಂತಿತು. ಹಾಗಾಗಿ ಆಮೇಲೆ ಹುಟ್ಟಿದವರಿಗೆ ಎಮ್ಮೆ ಸಿಡುಬಿನ ವಿರುದ್ಧ ಆ ಹಳೆಯ ರಕ್ಷಣೆ ಇಲ್ಲ. ಇದನ್ನು ಇವತ್ತಿನ ಹರೆಯದ ಹೈನುಗಾರರು ಗಮನಿಸಬೇಕು.

ಕುರಿ ಕಾಯುವವರಿಗೂ ಇಂಥದ್ದೇ ಒಂದಿದೆ. ಕುರಿಮರಿಗಳ ತುಟಿಯ ಸುತ್ತ ಹುಣ್ಣಾಗಿ ಹೊಪ್ಪಳೆ ಕಟ್ಟುವ ರೋಗ. ಮರಿಯ ಬಾಯಿಗೆ ಬೆರಳಿಟ್ಟು ಹಾಲು ಕುಡಿಸುವಾಗ ಅದು ಬೆರಳಿಗೆ ಬರುತ್ತದೆ. ಅದೂ ಸಾಮಾನ್ಯವಾಗಿ ತಾನಾಗಿ ಮಾಯುತ್ತದೆ. ಚಾಕುವಿನಿಂದ ಕೊಯ್ಯಲು ಹೋಗಬೇಡಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಎಲ್ಲ ವೈರಸ್ಸೂ ಮನುಷ್ಯನಿಗೆ ಬರುವುದಿಲ್ಲ. ಬರುವಂಥದ್ದಕ್ಕೆ ಒಂದು ದಾರಿ ಬೇಕು. ಮೊದಲನೆಯ ದಾರಿ ಗಾಯವಾದ ಕೈ. ಆ ದಾರಿಯಲ್ಲಿ ಬರುವ ರೋಗ ಹೆಚ್ಚಾಗಿ ನೋವು ಕೊಟ್ಟು ಹೋಗುತ್ತದೆ, ಜೀವ ತೆಗೆಯುವುದಿಲ್ಲ. ಎರಡನೆಯ ದಾರಿ ಹಾಗಲ್ಲ. ಅದು ಜೊಲ್ಲು.

ಇದೂ ನನ್ನ ಮೊದಲ ವರ್ಷಗಳ ಕಥೆ. ಮಾವಿನಹಣ್ಣಿನ ಕಾಲ. ಒಬ್ಬ ರೈತರು ಬೆಳಿಗ್ಗೆಯೇ ಬಂದರು. "ಹಸು ನಿನ್ನೆಯಿಂದ ಮೇವು ಮುಟ್ಟಿಲ್ಲ ಸಾರ್. ಬಾಯಲ್ಲಿ ಒಂದೇ ಸಮ ಜೊಲ್ಲು. ಮಾವಿನ ಗೊರಟು ಗಂಟಲಲ್ಲಿ ಸಿಕ್ಕೊಂಡಿದೆ. ನಾನೂ ಕೈ ಹಾಕಿ ನೋಡ್ದೆ, ಸಿಗ್ಲಿಲ್ಲ" ಅಂದರು. ನಾನು ಹೋಗಿ ತೋಳು ಮಡಿಸಿದೆ. ಹಸುವಿನ ದವಡೆ ಹಿಡಿಯಬೇಕು, ಅಷ್ಟರಲ್ಲಿ ನಮ್ಮ ಆಸ್ಪತ್ರೆಯ ಹಳೆಯ ಸಹಾಯಕರು ನನ್ನ ಮಣಿಕಟ್ಟು ಹಿಡಿದರು. "ಸಾರ್, ಸ್ವಲ್ಪ ತಡೀರಿ. ಅದರ ಕೂಗು ಕೇಳಿ" ಅಂದರು.

ಕೇಳಿದೆ. ಹಸು ಕೂಗಿತು. ಅದು ಅಂಬಾ ಅನ್ನುವ ಕೂಗಲ್ಲ. ಒಡೆದ ದನಿ. ಗಂಟಲು ಕಟ್ಟಿದ ಮುದುಕರು ದೂರದಿಂದ ಯಾರನ್ನೋ ಕರೆದ ಹಾಗೆ. ನಿಂತು ನಿಂತು ಮತ್ತೆ ಮತ್ತೆ ಕೂಗುತ್ತಿತ್ತು. ಹಿಂಗಾಲು ಸ್ವಲ್ಪ ತೂರಾಡುತ್ತಿತ್ತು. ಸಹಾಯಕರು ರೈತರನ್ನು ಕೇಳಿದರು, "ಈಚೆಗೆ ನಾಯಿ ಏನಾದ್ರೂ ಬಂದಿತ್ತಾ ಯಜಮಾನ್ರೇ?" ಬಂದಿತ್ತು. ಒಂದೂವರೆ ತಿಂಗಳ ಹಿಂದೆ, ಯಾವುದೋ ಬೀದಿನಾಯಿ ಹಸುವಿನ ಮೂತಿಗೆ ಬಾಯಿ ಹಾಕಿತ್ತು. ಸಣ್ಣ ಗಾಯ. ಅರಿಸಿನ ಹಚ್ಚಿ ಮರೆತಿದ್ದರು.

ಹಸು ನಾಲ್ಕನೆಯ ದಿನ ಸತ್ತಿತು. ಪರೀಕ್ಷೆಯಲ್ಲಿ ರೇಬೀಸ್ ಅಂತ ಬಂತು. ಅಂದರೆ ಹುಚ್ಚುನಾಯಿ ರೋಗ. ನಾಯಿಗೆ ಬಂದರೆ ನಾವು ಗುರುತಿಸುತ್ತೇವೆ. ಹಸುವಿಗೆ ಬಂದರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂದುಕೊಳ್ಳುತ್ತೇವೆ. ಗಂಟಲಿನ ನರ ಸೋತು ನುಂಗಲಾಗದೆ ಜೊಲ್ಲು ಸುರಿಯುತ್ತಿರುತ್ತದೆ. ಆ ಜೊಲ್ಲಿನಲ್ಲಿ ವೈರಸ್ ತುಂಬಿರುತ್ತದೆ. ನಾವು ಅದಕ್ಕೇ ಕೈ ಹಾಕುತ್ತೇವೆ. ರೋಗ ತಲೆಗೇರಿ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರು ಬದುಕುವುದು ಇಲ್ಲವೆಂಬಷ್ಟು ಅಪರೂಪ. ಅದಕ್ಕೆ ಮೊದಲು ಚುಚ್ಚುಮದ್ದು ಸರಿಯಾಗಿ ಪಡೆದರೆ ಸಾಯುವುದೂ ಅಷ್ಟೇ ಅಪರೂಪ. ಆ ರೈತರು ಕೂಡಲೇ ಹೋಗಿ ಅಷ್ಟೂ ಚುಚ್ಚುಮದ್ದು ಹಾಕಿಸಿಕೊಂಡರು. ಗಟ್ಟಿಮುಟ್ಟಾಗಿ ಬಾಳಿದರು.

ಈ ದಾರಿಯಲ್ಲಿ ಮೂರು ಮಾತು ನೆನಪಿಡಿ. ಒಂದು, ಜೊಲ್ಲು ಸುರಿಸುತ್ತಿರುವ, ಮೇವು ಬಿಟ್ಟಿರುವ, ದನಿ ಬದಲಾದ ದನದ ಬಾಯಿಗೆ ಬರಿಗೈ ಹಾಕಬೇಡಿ. ಎರಡು, ಜೊಲ್ಲು ಗಾಯಕ್ಕೆ ತಗಲಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಎಂದರೆ ಕಡಿಮೆಯಲ್ಲ. ನನ್ನ ಈ ಭಾಷಣದ ಮುಕ್ಕಾಲು ಪಾಲು. ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮೂರು, ಅಂಥ ಹಸುವಿನ ಹಾಲು ಬಳಸಬೇಡಿ. ಗೊತ್ತಿಲ್ಲದೆ ಕಾಯಿಸಿ ಕುಡಿದಿದ್ದರೆ ಹೆದರಬೇಡಿ. ಕುದಿಸಿದ ಹಾಲಿನಲ್ಲಿ ಈ ವೈರಸ್ ಉಳಿಯುವುದಿಲ್ಲ. ನಾಯಿ ಹಿಡಿಯುವವರು, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಕಡಿತಕ್ಕೆ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳಬೇಕು. ಆ ವ್ಯವಸ್ಥೆ ಇದೆ.

ಕೈ ಆಯಿತು, ಜೊಲ್ಲು ಆಯಿತು. ಎರಡರಲ್ಲೂ ನಾವು ಪ್ರಾಣಿಯನ್ನು ಮುಟ್ಟುತ್ತೇವೆ. ಮೂರನೆಯ ದಾರಿಯಲ್ಲಿ ಮುಟ್ಟಲೂ ಬೇಕಿಲ್ಲ, ಹತ್ತಿರ ನಿಂತರೆ ಸಾಕು. ಅದು ಉಸಿರು. ಉಸಿರಿನ ಜೊತೆಗೆ ಕಣ್ಣನ್ನೂ ಸೇರಿಸಿಕೊಳ್ಳಿ.

ಈಗ ಮಲೇಷ್ಯಾ ದೇಶಕ್ಕೆ ಹೋಗೋಣ. 1998ರ ಕೊನೆ. ಇಪೋ ಎಂಬ ಪಟ್ಟಣದ ಸುತ್ತ ದೊಡ್ಡ ದೊಡ್ಡ ಹಂದಿ ಸಾಕಣೆ ಕೇಂದ್ರಗಳು. ಗೂಡುಗಳ ಪಕ್ಕದಲ್ಲೇ ಹಣ್ಣಿನ ಮರಗಳು. ರಾತ್ರಿ ಬಾವಲಿಗಳು ಬಂದು ಹಣ್ಣು ಕಚ್ಚುತ್ತಿದ್ದವು. ಅರ್ಧ ತಿಂದ ಹಣ್ಣು ಹಂದಿಗಳ ಮುಂದೆ ಬೀಳುತ್ತಿತ್ತು. ಹಂದಿಗಳಿಗೆ ಕೆಮ್ಮು ಶುರುವಾಯಿತು. ಎಂಥ ಕೆಮ್ಮು ಅಂದರೆ, ಅದಕ್ಕೆ ಒಂದು ಮೈಲಿಯ ಕೆಮ್ಮು ಅಂತಲೇ ಹೆಸರು ಬಿತ್ತು. ಅಷ್ಟು ದೂರಕ್ಕೆ ಕೇಳುತ್ತಿತ್ತಂತೆ. ಆಮೇಲೆ ಸಾಕುವವರಿಗೆ ಜ್ವರ, ತಲೆನೋವು, ಮಂಪರು. ಒಬ್ಬೊಬ್ಬರಾಗಿ ಎಚ್ಚರ ತಪ್ಪತೊಡಗಿದರು.

ಅಧಿಕಾರಿಗಳು ಇದು ಸೊಳ್ಳೆಯಿಂದ ಬರುವ ಮಿದುಳು ಜ್ವರ ಅಂದುಕೊಂಡರು. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಆ ಮಿದುಳು ಜ್ವರದಲ್ಲೂ ಹಂದಿಯ ಪಾತ್ರವಿದೆ. ಹೊಗೆ ಹಾಕಿಸಿದರು. ಲಸಿಕೆ ಹಾಕಿಸಿದರು. ಸಾವು ನಿಲ್ಲಲಿಲ್ಲ. ಲಸಿಕೆ ಹಾಕಿಸಿಕೊಂಡವರೂ ಕಾಯಿಲೆ ಬಿದ್ದರು.

ಇಲ್ಲಿ ಒಂದು ಸುಳಿವಿತ್ತು. ಸೊಳ್ಳೆಯ ಮಿದುಳು ಜ್ವರ ಹೆಚ್ಚಾಗಿ ಮಕ್ಕಳಿಗೆ ಬರುತ್ತದೆ. ಇಲ್ಲಿ ಮಲಗಿದವರು ದುಡಿಯುವ ವಯಸ್ಸಿನ ಗಂಡಸರು. ಸೊಳ್ಳೆ ಯಾರ ಕಸುಬೇನು ಅಂತ ವಿಚಾರಿಸಿ ಕಚ್ಚುವುದಿಲ್ಲ. ಆದರೆ ಕಾಯಿಲೆ ಹಿಡಿದದ್ದು ಹೆಚ್ಚುಕಡಿಮೆ ಹಂದಿ ಸಾಕುವವರನ್ನೇ. ಅದೇ ಊರಿನಲ್ಲಿ ಹಂದಿಯ ಹತ್ತಿರ ಹೋಗದ ಜನ ಆರೋಗ್ಯವಾಗಿದ್ದರು. ಕೊನೆಗೆ 1999ರ ಮಾರ್ಚಿನಲ್ಲಿ ಮಲೇಷ್ಯಾದ ವೈದ್ಯ ಚುವಾ ಕಾ ಬಿಂಗ್ ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಅದರ ಮಾದರಿ ಬಂದ ಹಳ್ಳಿಯ ಹೆಸರು ಸುಂಗೈ ನಿಪಾ. ಅದರಿಂದಲೇ ನಿಪಾ ಎಂಬ ಹೆಸರು. ಹಂದಿಯ ಉಸಿರು, ಸಿಂಬಳ, ಉಚ್ಚೆಯಿಂದ ಅದು ಜನರಿಗೆ ಬರುತ್ತಿತ್ತು. ಅಲ್ಲಿ ಸುಮಾರು 265 ಮಂದಿ ಕಾಯಿಲೆ ಬಿದ್ದರು, 100ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪಕ್ಕದ ಸಿಂಗಪುರದಲ್ಲಿ ಕಸಾಯಿಖಾನೆಯಲ್ಲಿ ದುಡಿಯುವ 11 ಮಂದಿಗೂ ಬಂತು. 10 ಲಕ್ಷಕ್ಕೂ ಮೀರಿ ಹಂದಿಗಳನ್ನು ಕೊಂದ ಮೇಲೆ ಅದು ನಿಂತಿತು.

ನಮ್ಮ ನೆರೆಯ ಕೇರಳದಲ್ಲಿ 2018ರಲ್ಲಿ ಕಾಣಿಸಿಕೊಂಡದ್ದೂ ಇದೇ ನಿಪಾ. ಅಲ್ಲಿ ಹಂದಿಯ ಪಾತ್ರವಿರಲಿಲ್ಲ. ರೋಗ ಮನುಷ್ಯರಿಂದ ಮನುಷ್ಯರಿಗೆ, ಹೆಚ್ಚಾಗಿ ಆಸ್ಪತ್ರೆಗಳಲ್ಲಿ ಹರಡಿತು. ಹಾಗಾಗಿ ಮೊದಲ ರೋಗಿ ಯಾರು, ಅವರು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳುವುದು ಅಷ್ಟು ಮುಖ್ಯ.

ಇದೇ ದಾರಿಯ ಇನ್ನೊಂದು ರೋಗ ಹಕ್ಕಿಜ್ವರ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಜೀವಂತ ಕೋಳಿ ಮಾರುವ ಸಂತೆಗಳಿಂದ ಅದು ಜನರಿಗೆ ಬಂತು. 18 ಮಂದಿಗೆ ರೋಗ, 6 ಸಾವು. ಆ ಊರಿನ ಕೋಳಿಗಳನ್ನೆಲ್ಲ, ಅಂದರೆ ಹತ್ತು ಹದಿನೈದು ಲಕ್ಷ ಕೋಳಿಗಳನ್ನು, ಕೊಂದ ಮೇಲೆ ಜನರಿಗೆ ಬರುವುದು ನಿಂತಿತು. ನಮ್ಮ ದೇಶದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ.

ಇನ್ನೂ ಈಚಿನದು ಕೇಳಿ. 2024ರಲ್ಲಿ ಅಮೆರಿಕದಲ್ಲಿ ಈ ಹಕ್ಕಿಜ್ವರ ಹಸುಗಳಿಗೆ ಬಂತು. ಹಸುಗಳಿಗೆ! ಹಾಲು ಕಡಿಮೆಯಾಯಿತು. ಬಂದ ಹಾಲು ಹಳದಿಯಾಗಿ, ಗಿಣ್ಣುಹಾಲಿನಂತೆ ಗಟ್ಟಿಯಾಗಿತ್ತು. ಅದನ್ನು ಹಸಿಯಾಗಿ ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಹಾಲು ಕರೆಯುವ ಕೆಲಸಗಾರರಿಗೆ ಏನಾಯಿತು? ಕಣ್ಣು ಕೆಂಪಾಯಿತು. ಹಾಲು ಸಿಡಿದು ಕಣ್ಣಿಗೆ ಬಿದ್ದಿರಬಹುದು, ಹಾಲಾದ ಕೈಯಿಂದ ಕಣ್ಣು ಉಜ್ಜಿಕೊಂಡಿರಬಹುದು. ಹಕ್ಕಿಯ ವೈರಸ್ಸಿನ ಕೀಲಿಕೈಗೆ ಹೊಂದುವ ಬೀಗ ನಮ್ಮ ಕಣ್ಣಿನ ಪೊರೆಯಲ್ಲಿ ಇದೆ. ಒಂದೂವರೆ ವರ್ಷದಲ್ಲಿ ಆ ದೇಶದಲ್ಲಿ ಸುಮಾರು 70 ಮಂದಿಗೆ ಹಕ್ಕಿಜ್ವರ ದೃಢಪಟ್ಟಿತು. ಅವರಲ್ಲಿ ಬಹುತೇಕರು ಹಸು ಇಲ್ಲವೇ ಕೋಳಿಗಳ ಜೊತೆ ಕೆಲಸ ಮಾಡುವವರು. ಹೆಚ್ಚಿನವರಿಗೆ ಸೌಮ್ಯವಾಗಿ ಬಂದು ಹೋಯಿತು. ಕಾಯಿಸಿದ ಹಾಲಿನಲ್ಲಿ ಈ ವೈರಸ್ಸೂ ಉಳಿಯುವುದಿಲ್ಲ.

ನಮ್ಮ ಕೋಳಿ ಸಾಕುವವರಿಗೆ ಕಣ್ಣಿನ ಕಥೆ ಹೊಸದಲ್ಲ. ಕೊಕ್ಕರೆ ರೋಗದ ಲಸಿಕೆ ಹಾಕುವಾಗ ಹನಿ ಕಣ್ಣಿಗೆ ಸಿಡಿದರೆ ಎರಡು ಮೂರು ದಿನ ಕಣ್ಣು ಕೆಂಪಗಾಗುತ್ತದೆ. ನನಗೂ ಆಗಿದೆ. ಅದೂ ಕೋಳಿಯ ವೈರಸ್ಸೇ. ಕಣ್ಣಿಗಿಂತ ಆಚೆ ಅದು ಹೋಗುವುದಿಲ್ಲ, ಅಷ್ಟೇ.

ಇನ್ನೊಮ್ಮೆ ಎಣಿಸೋಣ. ಗಾಯದ ಕೈಯಿಂದ ಎಮ್ಮೆ ಸಿಡುಬು. ಜೊಲ್ಲಿನಿಂದ ಹುಚ್ಚುನಾಯಿ ರೋಗ. ಉಸಿರು ಮತ್ತು ಕಣ್ಣಿನಿಂದ ನಿಪಾ, ಹಕ್ಕಿಜ್ವರ. ಉಳಿದದ್ದು ನಾಲ್ಕನೆಯ ದಾರಿ. ಅದು ನಮ್ಮ ಮನೆಯ ಹಿಂದಿನ ಕಾಡಿನದು. ಅದರಲ್ಲಿ ನಾವು ರೋಗ ಬಂದ ಪ್ರಾಣಿಯನ್ನು ನೋಡದೆಯೂ ಇರಬಹುದು. ನಡುವೆ ಒಬ್ಬ ದಲ್ಲಾಳಿ ಇರುತ್ತಾನೆ. ಅವನ ಹೆಸರು ಉಣ್ಣೆ. ನಮ್ಮ ಕಡೆ ಉಣುಗು ಅನ್ನುತ್ತೇವೆ.

1957ನೇ ಇಸವಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು. ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಕೆಂಪು ಮೋರೆಯ ಕೋತಿಯೂ ಸತ್ತಿತು, ಕಪ್ಪು ಮೋರೆಯ ಮುಸಿಯವೂ ಸತ್ತಿತು. ಅದೇ ಹೊತ್ತಿಗೆ ಕಾಡಿಗೆ ಹೋಗಿಬರುವ ಜನರಿಗೆ ಜ್ವರ. ತಡೆಯಲಾಗದ ತಲೆನೋವು, ಮೈಕೈ ನೋವು, ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಮಂಗ ಸತ್ತ ಕಡೆ ಜನಕ್ಕೆ ಜ್ವರ ಬರುತ್ತಿದೆ ಅನ್ನುವುದನ್ನು ಹಳ್ಳಿಯ ಜನ ಕಂಡುಕೊಂಡಿದ್ದರು. ಅವರು ಅದಕ್ಕೆ ಇಟ್ಟ ಹೆಸರು ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಮೊದಲು ಅವರಿಗೆ ಆಫ್ರಿಕದ ಹಳದಿ ಜ್ವರ ನಮ್ಮಲ್ಲಿಗೂ ಬಂತೇ ಎಂಬ ಅನುಮಾನವಿತ್ತು. ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಜಗತ್ತಿನ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ ಎಂದು ದಾಖಲಾಯಿತು.

ದಾರಿ ಹೀಗಿದೆ. ಉಣ್ಣೆಯ ಮರಿಗಳು ಇಲಿ, ಅಳಿಲು, ಮಂಗಗಳ ರಕ್ತ ಹೀರುತ್ತವೆ. ವೈರಸ್ ಅಲ್ಲಿ ಸುತ್ತುತ್ತಿರುತ್ತದೆ. ಮಂಗ ಅದನ್ನು ತಡೆಯಲಾರದೆ ಸಾಯುತ್ತದೆ. ಮೈ ತಣ್ಣಗಾದ ಕೂಡಲೇ ಉಣ್ಣೆಗಳು ಕೆಳಗಿಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಮುಂದೆ ಅಲ್ಲಿ ಕಾಲಿಟ್ಟವರಿಗೆ ಅಂಟುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಬಲಿತ ಉಣ್ಣೆಯಲ್ಲ, ಎಳ್ಳುಕಾಳಿನಷ್ಟು ಸಣ್ಣ ಮರಿ. ಕಚ್ಚಿದ್ದೂ ಗೊತ್ತಾಗುವುದಿಲ್ಲ. ಆ ಮರಿಗಳು ಹೆಚ್ಚುವುದು ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ.

ಈಗ ನಮ್ಮ ಕೆಲಸದ ಪಂಚಾಂಗ ನೋಡಿ. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಸೌದೆ ತರುವುದು, ದನ ಕಾಡಿಗೆ ಅಟ್ಟುವುದು ಎಲ್ಲ ಆಗಲೇ. ಹೆಡಿಗೆ ತುಂಬ ಒಣ ಎಲೆ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತೇವೆ. ಕೊರಳು, ಕಂಕುಳು, ಸೊಂಟದ ಮಡಿಕೆಗೆ ಉಣ್ಣೆ ಸೇರುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕೇ? ಉಣ್ಣೆಯ ಕಾಲವೂ ನಮ್ಮ ದುಡಿಮೆಯ ಕಾಲವೂ ಒಂದೇ ಆಗಿರುವುದು ಈ ರೋಗದ ಗುಟ್ಟು.

ಹಸುವಿನ ಮಾತೂ ಹೇಳಬೇಕು. ಬಲಿತ ಉಣ್ಣೆಗಳು ಕಾಡಿಗೆ ಹೋದ ದನಗಳ ರಕ್ತ ಕುಡಿದು ಕೊಬ್ಬಿ ಸಾವಿರಾರು ಮೊಟ್ಟೆ ಇಡುತ್ತವೆ. ಆದರೆ ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಕಾಯಿಲೆ ಬಿದ್ದ ಮನುಷ್ಯರಿಂದ ಇನ್ನೊಬ್ಬರಿಗೂ ಹರಡುವುದಿಲ್ಲ. ಹಾಗಾಗಿ ಮನೆಯಲ್ಲಿ ಮಲಗಿದವರನ್ನು ದೂರ ಇಡಬೇಡಿ. ವರ್ಷಕ್ಕೆ ಸರಾಸರಿ 400ರಿಂದ 500 ಮಂದಿಗೆ ಇದು ಬರುತ್ತದೆ. ಬಂದ ನೂರರಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಉಳಿಸಿಕೊಳ್ಳಬಹುದು. ಹಳೆಯ ಲಸಿಕೆಯೊಂದಿತ್ತು. ಅದರ ರಕ್ಷಣೆ ಸಾಲದೆಂದು 2022ರಲ್ಲಿ ನಿಲ್ಲಿಸಿದರು.

ಒಂದು ಕಾಲಕ್ಕೆ ಸೊರಬದ ಸುತ್ತಮುತ್ತಲೇ ಇದ್ದ ರೋಗ ಆಮೇಲೆ ಬೆಳ್ತಂಗಡಿಯ ಕಡೆ ಕಂಡಿತು. 2012ರ ಹೊತ್ತಿಗೆ ಬಂಡೀಪುರದಲ್ಲೂ ಕಾಣಿಸಿತು. ಅಲ್ಲಿ ಅದು ಹಿಡಿದದ್ದು ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಯನ್ನು. ಅಲ್ಲೂ ಮೊದಲು ಮಲಗಿದವರು ಪ್ರಾಣಿಯ ಹತ್ತಿರ ಕೆಲಸವಿದ್ದವರು.

ಈ ದಾರಿಯ ಎಚ್ಚರಿಕೆ ಇಷ್ಟು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಆ ದಿನವೇ ತಿಳಿಸಿ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಉದ್ದ ತೋಳಿನ ಬಟ್ಟೆ ಹಾಕಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಉಣ್ಣೆ ಕಂಡರೆ ಉಗುರಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಮಂಗ ಸತ್ತ ಜಾಗದ ದರಗನ್ನು ಆ ವರ್ಷ ಕೊಟ್ಟಿಗೆಗೆ ತರಬೇಡಿ.

ಕೇಳುಗರೇ, ನಾಲ್ಕು ದಾರಿ ಮುಗಿದವು. ಕೈ, ಜೊಲ್ಲು, ಉಸಿರು, ಉಣ್ಣೆ. ಈಗ ನಾಲ್ಕಕ್ಕೂ ಸೇರಿದ ಒಂದು ಮಾತು ಹೇಳಿ ಮುಗಿಸುತ್ತೇನೆ.

ಈ ಎಲ್ಲ ಕಥೆಗಳಲ್ಲೂ ಮೊದಲು ತಿಳಿದವರು ಯಾರು? ಸಿಡುಬಿನ ವಿಷಯ ಹಾಲು ಕರೆಯುವ ಹೆಂಗಸರಿಗೆ ಗೊತ್ತಿತ್ತು. ಹಸುವಿನ ಕೂಗು ಬದಲಾದದ್ದು ನನಗೆ ಕೇಳಲಿಲ್ಲ, ನಮ್ಮ ಸಹಾಯಕರಿಗೆ ಕೇಳಿತು. ಮಲೇಷ್ಯಾದಲ್ಲಿ ಯಾರಿಗೆ ರೋಗ ಬಂತು ಅನ್ನುವುದೇ ಸುಳಿವು. ಕ್ಯಾಸನೂರಿನಲ್ಲಿ ಮಂಗಕ್ಕೂ ಜ್ವರಕ್ಕೂ ಗಂಟು ಹಾಕಿದವರು ಕಾಡಂಚಿನ ಜನ. ವೈರಸ್ ಮೊದಲು ತಟ್ಟುವುದು ನಿಮ್ಮ ಬಾಗಿಲು. ಹಾಗಾಗಿ ಮೊದಲು ಸುದ್ದಿ ಕೊಡಬಲ್ಲವರೂ ನೀವೇ.

ಅದಕ್ಕೆ ಎರಡು ಕೆಲಸ ಮಾಡಿ. ಜ್ವರವೆಂದು ಆಸ್ಪತ್ರೆಗೆ ಹೋದಾಗ ಜ್ವರ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ನಾನು ಹಂದಿ ಸಾಕ್ತೇನೆ", "ಹೋದ ವಾರ ಫಾರಮ್ಮಿನಲ್ಲಿ ಕೋಳಿ ಸತ್ತವು", "ಕಾಡಿಗೆ ದರಗಿಗೆ ಹೋಗಿದ್ದೆ" ಅಂತ ನೀವಾಗಿಯೇ ಹೇಳಿ. ಡಾಕ್ಟರು ಕೇಳದಿದ್ದರೂ ಹೇಳಿ. ಆ ಒಂದು ಮಾತಿನಿಂದ ಯಾವ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ತಿಳಿಯುತ್ತದೆ. ಹಾಗೆಯೇ ಪಶುವೈದ್ಯರು ಬಂದಾಗ, ಇಲ್ಲವೇ 1962ಕ್ಕೆ ಫೋನು ಮಾಡಿದಾಗ, ದನದ ಕಾಯಿಲೆಯ ಜೊತೆಗೆ ಮನೆಯವರ ಮೈ ಹೇಗಿದೆ ಅನ್ನುವುದನ್ನೂ ಹೇಳಿ.

ಎರಡನೆಯದು ಕೊಟ್ಟಿಗೆಯ ಶಿಸ್ತು. ಕರೆಯುವ ಮುಂಚೆ ಕೈ ತೊಳೆಯಿರಿ, ಕರೆದ ಮೇಲೂ ತೊಳೆಯಿರಿ. ರೋಗ ಬಂದ ದನವನ್ನು ಕೊನೆಗೆ ಕರೆಯಿರಿ. ಕೈಯಲ್ಲಿ ಗಾಯವಿದ್ದರೆ ಗವಸು ಹಾಕಿ, ಇಲ್ಲವೇ ಬೇರೆಯವರು ಕರೆಯಲಿ. ಹಾಲು ಕಾಯಿಸದೆ ಕುಡಿಯಬೇಡಿ. ಇದಕ್ಕೆ ಬೇಕಾದ್ದು ಒಂದು ಸೋಪು, ಒಂದು ಬಕೆಟ್ಟು ನೀರು. ದನವನ್ನು ದೂರ ಮಾಡುವುದು ಬೇಡ. ದಾರಿಯನ್ನು ಮುಚ್ಚಿದರೆ ಆಯಿತು.

ಸೆರಗು ಸುತ್ತಿಕೊಂಡಿದ್ದ ಆ ಹೆಂಗಸಿನ ಗುಳ್ಳೆ ಮೂರು ವಾರದಲ್ಲಿ ಮಾಯಿತು. ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಕಲೆ ಉಳಿಯಿತು. ಅದಾದ ಮೇಲೆ ನಾನು ಯಾವ ಕೊಟ್ಟಿಗೆಗೆ ಹೋದರೂ ಕೆಚ್ಚಲು ನೋಡಿ ಮುಗಿಸಿ, ಹಾಲು ಕರೆಯುವವರ ಕಡೆ ತಿರುಗಿ, "ಎಲ್ಲಿ, ಕೈ ತೋರ್ಸಿ" ಅನ್ನುತ್ತಿದ್ದೆ. ಕೆಲವರು ನಗುತ್ತಿದ್ದರು. "ನೀವು ದನದ ಡಾಕ್ಟ್ರಲ್ವಾ?" ಅನ್ನುತ್ತಿದ್ದರು. ನಗುತ್ತಲೇ ಕೈ ಚಾಚುತ್ತಿದ್ದರು.

ರೇಡಿಯೋ ಗೂಡಿನಲ್ಲಿಟ್ಟು ಹಾಲು ಕರೆಯುತ್ತಿದ್ದವರು ಈಗ ಕೆಲಸ ಮುಗಿಸಿರಬೇಕು. ಆ ಗೂಡಿನಲ್ಲೇ ರೇಡಿಯೋ ಪಕ್ಕಕ್ಕೆ ಒಂದು ಸೋಪು ಇಟ್ಟುಬಿಡಿ.